ಶಾಂತವ್ವನ ಇಪ್ಪತ್ತು ಅಡಿ ರಸ್ತೆ

ಬೆಳಗಿನ ಪೇಪರ್ ಬಿಡಿಸಿದರೆ ಈಗೀಗ ಸುದ್ದಿಗಿಂತ ಮೊದಲು ಬಣ್ಣದ ಹಾಳೆಗಳು ಉದುರುತ್ತವೆ. ಮೂರು ವಾರದ ಹಿಂದೆ ಹಾಗೆ ನನ್ನ ತೊಡೆಯ ಮೇಲೆ ಬಿದ್ದ ಒಂದು ಹಾಳೆ ಇನ್ನೂ ಮೇಜಿನ ಮೇಲಿದೆ. ಸೀಮೆಎಣ್ಣೆಗೂ ಹೊಸ ಚಪ್ಪಲಿಗೂ ನಡುವಿನ ಅದರ ವಾಸನೆ ಇನ್ನೂ ಹೋಗಿಲ್ಲ. ಮೂವತ್ತು ವರ್ಷ ಮುದ್ರಣದ ಮಸಿಯ ಪಕ್ಕದಲ್ಲೇ ಡಬ್ಬಿ ಬಿಚ್ಚಿ ಉಂಡವನಿಗೆ ಇಂಥ ವಾಸನೆಯ ಮೇಲೆ ಸಿಟ್ಟು ಬರುವುದಿಲ್ಲ, ಓದಬೇಕು ಅನಿಸುತ್ತದೆ. ಓದಿದೆ. ಇಚಲಕರಂಜಿಯಿಂದ ನಾಂದಣಿಯ ಕಡೆಗೆ ಹೋಗುವ ದಾರಿಯಲ್ಲಿ ಪ್ಲಾಟುಗಳು ಮಾರಾಟಕ್ಕಿವೆ, ಬಸ್ಸು ಹತ್ತಿರ, ಶಾಲೆ ಹತ್ತಿರ, ‘ಪ್ಲಾಟಿನವರೆಗೆ ಪಕ್ಕಾ ರಸ್ತೆ’. ರಸ್ತೆಯ ಚಿತ್ರವೂ ಇತ್ತು. ಚಿತ್ರದ ಎಡಗಡೆ ಹಸಿರು ಬಾಗಿಲಿನ ಒಂದು ಮನೆ, ಅದರ ಕಟ್ಟೆಯ ಮೇಲೆ ಒಣಹಾಕಿದ ಕೆಂಪು ಮೆಣಸಿನಕಾಯಿ.

ಆ ಮೆಣಸಿನಕಾಯಿ ಯಾರದು ಎಂದು ನನಗೆ ಗೊತ್ತು. ಆ ಮನೆ ಶಾಂತವ್ವನದು. ಅದಕ್ಕಿಂತ ಮುಖ್ಯವಾದದ್ದು, ಆ ರಸ್ತೆಯೂ ಶಾಂತವ್ವನದು. ಅವಳದೂ, ಮಗ್ಗದ ಕೆಲಸದ ಇನ್ನು ಹತ್ತು ಮನೆಯವರದೂ. ಸರಕಾರದ್ದಲ್ಲ, ಗ್ರಾಮ ಪಂಚಾಯ್ತಿಯದೂ ಅಲ್ಲ. ಹನ್ನೊಂದು ಜನ ಹಣ ಕೊಟ್ಟು ಕೊಂಡು, ನೋಂದಣಿ ಮಾಡಿಸಿಕೊಂಡ ರಸ್ತೆ. ಅದರ ಮೂಲಕ ಹಿಂದಿನ ಹೊಲಕ್ಕೆ ಪ್ಲಾಟು ಹಾಕಿ ಮಾರಲು ಹೊರಟವರು ಈ ಹನ್ನೊಂದು ಜನರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ.

ನೀವು ಮೊದಲ ಸಲ ಜಾಗಕ್ಕೆ ಹಣ ಹಾಕಲು ಹೊರಟವರಾದರೆ ನನ್ನ ಜೊತೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಹೆದರಬೇಡಿ, ಸಲಹೆ ನನ್ನದಲ್ಲ. ನಾನು ಇಲ್ಲಿಯವರೆಗೂ ಬಾಡಿಗೆಯ ಮನೆಯಲ್ಲೇ ವಯಸ್ಸು ಕಳೆದವನು. ಊರಿನವರ ಖರೀದಿ ಪತ್ರ ಓದಿ ಹೇಳುವುದು, ತಪ್ಪು ತೋರಿಸುವುದು, ಕೊನೆಗೆ ಚಹಾ ಕುಡಿದು ಬಾಡಿಗೆಯ ಕೋಣೆಗೆ ಮರಳುವುದು ನನ್ನ ಪದ್ಧತಿಯಾಗಿತ್ತು. ಈಜು ಬಾರದೆ ದಡದಲ್ಲಿ ಕೂತು ಈಜುವವರ ಕೈಕಾಲು ತಿದ್ದುವವರನ್ನು ನೋಡಿದ್ದೀರಲ್ಲ, ಆ ಜಾತಿ. ಸಲಹೆ ಶಾಂತವ್ವನದು. ಅದನ್ನು ಅವಳು ಕೊಟ್ಟ ರೀತಿಯಲ್ಲೇ ಹೇಳಬೇಕಾದರೆ ಸುಮಾರು ಹದಿನೆಂಟು ವರ್ಷ ಹಿಂದಕ್ಕೆ ಹೋಗಬೇಕು.

ಆಗ ನಾನು ಒಂದು ಕನ್ನಡ ಪತ್ರಿಕೆಗೆ ಗಡಿಯಾಚೆಯ, ಮರಾಠಿ ಸೀಮೆಯ ಇಚಲಕರಂಜಿಯಿಂದ ಸುದ್ದಿ ಕಳಿಸುತ್ತಿದ್ದೆ. ಮಗ್ಗದ ಕಾರಖಾನೆಯೊಂದಕ್ಕೆ ಅಂಟಿಕೊಂಡ ಚಾಳದಲ್ಲಿ ನನ್ನ ಕೋಣೆ. ಪಕ್ಕದ ಕೋಣೆಯಲ್ಲಿ ಶಾಂತವ್ವ, ಅವಳ ಗಂಡ ಯಲ್ಲಪ್ಪ, ಇಬ್ಬರು ಮಕ್ಕಳು. ಗಂಡ ಹೆಂಡತಿ ರಾಯಬಾಗದ ಕಡೆಯವರು. ಯಲ್ಲಪ್ಪ ಮಗ್ಗ ನಡೆಸುತ್ತಿದ್ದ, ಅವಳು ಮಗ್ಗಕ್ಕೆ ಬೇಕಾದ ನೂಲನ್ನು ಕಾಂಡಿಗೆ, ಅಂದರೆ ಸಣ್ಣ ಉರುಳೆಗೆ, ಸುತ್ತುವ ಕೆಲಸ ಮಾಡುತ್ತಿದ್ದಳು. ನಮ್ಮ ಎರಡು ಕೋಣೆಗಳ ಹಿಂದಿನ ಗೋಡೆ ಮತ್ತು ಕಾರಖಾನೆಯ ಗೋಡೆ ಒಂದೇ ಆಗಿತ್ತು. ಮಗ್ಗಗಳು ಓಡುವಾಗ ಹಲಗೆಯ ಮೇಲಿನ ತಾಟು, ಲೋಟ, ಡಬ್ಬಿಗಳೆಲ್ಲ ಸಣ್ಣಗೆ ನಡುಗುತ್ತಿದ್ದವು. ನನ್ನ ಕೋಣೆಯಲ್ಲಿದ್ದದ್ದು ಎರಡೇ ಲೋಟ, ನನಗೆ ಅಷ್ಟು ತೊಂದರೆಯಿರಲಿಲ್ಲ. ಶಾಂತವ್ವ ಮಾತ್ರ ದಿನಕ್ಕೆ ಹತ್ತು ಸಲ ಪಾತ್ರೆಗಳನ್ನು ಹಿಂದಕ್ಕೆ ಸರಿಸುತ್ತಿದ್ದಳು. ಅವು ಮತ್ತೆ ಮುಂದಕ್ಕೆ ನಡೆದು ಬರುತ್ತಿದ್ದವು.

“ನನಗ ಬಂಗ್ಲೆ ಬ್ಯಾಡ್ರಿ ಮಾಸ್ತರ್ರ,” ಅನ್ನುತ್ತಿದ್ದಳು. ಪೇಪರಿನಲ್ಲಿ ಬರೆಯುವವನಾದ್ದರಿಂದ ನಾನು ಅವಳಿಗೆ ಮಾಸ್ತರ. “ಇಟ್ಟ ತಾಟು ಇಟ್ಟಲ್ಲೇ ಇರೂ ಒಂದ ಗ್ವಾಡಿ ಬೇಕು. ಅಷ್ಟ.”

ಆ ಒಂದು ಗೋಡೆಗಾಗಿ ಗಂಡ ಹೆಂಡತಿ ಹನ್ನೆರಡು ವರ್ಷ ಉಳಿಸಿದ್ದರು. ಎರಡನೇ ಸಲ ಅಷ್ಟು ಉಳಿಸುವ ವಯಸ್ಸು ಅವರಿಗೆ ಉಳಿದಿರಲಿಲ್ಲ. ಇದನ್ನು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಯಲ್ಲಪ್ಪ ಪ್ಲಾಟಿನ ಮಾತು ಬಂದಾಗಲೆಲ್ಲ ಬೀಡಿ ಹಚ್ಚುವುದನ್ನು ಮರೆತು ಕೈಯಲ್ಲೇ ಹಿಡಿದು ಕೂತಿರುತ್ತಿದ್ದ.

ಮುಂದೆ ಹೋಗುವ ಮೊದಲು ನನ್ನದೊಂದು ತಪ್ಪನ್ನು ದಾಖಲಿಸುತ್ತೇನೆ, ಯಾಕೆಂದರೆ ಅದು ಇದೇ ವಿಷಯಕ್ಕೆ ಸೇರಿದ್ದು. ಗಡಹಿಂಗ್ಲಜದ ಹೊರಗೆ ಹೊಸ ರಸ್ತೆಯೊಂದು ಬರುವ ಸಾಧ್ಯತೆ ಇದೆ ಎಂದು ಅಧಿಕಾರಿಯೊಬ್ಬರು ಹೇಳಿದ್ದನ್ನು ನಾನು ನಾಲ್ಕು ಸಾಲು ಬರೆದಿದ್ದೆ. ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಎರಡು ತಿಂಗಳ ಮೇಲೆ ಗಡಹಿಂಗ್ಲಜಕ್ಕೆ ಮದುವೆಗೆ ಹೋದರೆ, ಮಂಟಪದ ಮೂಲೆಯಲ್ಲಿ ಜಾಗದ ದಲಾಲಿಯೊಬ್ಬ ಆ ನಾಲ್ಕು ಸಾಲನ್ನು ಕತ್ತರಿಸಿ, ಪ್ಲಾಸ್ಟಿಕ್ ಹೊದಿಸಿ, ಒಬ್ಬ ಶಾಲಾ ಮಾಸ್ತರರಿಗೆ ತೋರಿಸುತ್ತಿದ್ದ. ಅವನ ಹೆಬ್ಬೆರಳು ‘ಸಾಧ್ಯತೆ’ ಎಂಬ ಪದದ ಮೇಲೆ ಕೂತಿತ್ತು. ಇದನ್ನು ಬರೆದವನು ನಾನೇ, ಇದರಲ್ಲಿ ಖಾತ್ರಿ ಏನೂ ಇಲ್ಲ ಎಂದು ನಾನು ಹೇಳಿದ್ದೇ ತಡ, ಆ ಮಾಸ್ತರರು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು. “ಬರದವರ ಎದುರಿಗೆ ಬಂದ್ರಿ ಅಂದ ಮ್ಯಾಲ ಇನ್ನೇನ ಬೇಕ್ರಿ!” ಜಾಗ ಕೊಂಡರು. ರಸ್ತೆ ಬರಲಿಲ್ಲ. ಒಳ್ಳೆಯ ಮನುಷ್ಯರು, ಅಲ್ಲಿ ಶೇಂಗಾ ಹಾಕಿ ಪ್ರತಿ ವರ್ಷ ನನಗೊಂದು ಚೀಲ ಕಳಿಸುತ್ತಾರೆ. ನಾನು ಅದನ್ನು ಸುಲಿದು ತಿನ್ನುವಾಗಲೆಲ್ಲ ಪತ್ರಿಕೆಯ ಭಾಷೆಯ ಬಗ್ಗೆ ಯೋಚಿಸುತ್ತೇನೆ. ಆದ್ದರಿಂದ ನಿಮಗೆ ಹೇಳುವುದು: ಜಾಗ ಕೊಳ್ಳುವಾಗ ಇಂದು ನೆಲದ ಮೇಲೆ ಇರುವುದಕ್ಕೆ ಬೆಲೆ ಕೊಡಿ. ಮುಂದೆ ಬರಲಿರುವುದಕ್ಕೆ ಕೊಡುವ ಹಣ ಬೇರೆಯವರ ಆಸೆಯನ್ನು ಕೊಳ್ಳುವ ಹಣ.

ಇರಲಿ. ಯಲ್ಲಪ್ಪನಿಗೆ ಜಾಗ ತೋರಿಸಿದವನು ಮಧುಕರ ಎಂಬ ಎಜೆಂಟ. ಬೂಟು, ಬೈಕು, ಬಾಯಿಯಲ್ಲಿ ಮರಾಠಿ ಮತ್ತು ಕನ್ನಡ ಎರಡೂ ಒಂದೇ ವೇಗದಲ್ಲಿ. ಹೊಲದ ಮಾಲಕ ಕೊಲ್ಹಾಪುರದಲ್ಲಿರುತ್ತಿದ್ದ, ಮಾರಾಟದ ಕೆಲಸವೆಲ್ಲ ಮಧುಕರನದು. ಹನ್ನೊಂದು ಪ್ಲಾಟು, ತಲಾ ಎರಡು ಗುಂಟೆ. ಒಂದೇ ಪೇಟೆಯ ಕಾರಖಾನೆಗಳ ಹತ್ತು ಜನ ಆಗಲೇ ಇಸಾರ, ಅಂದರೆ ಮುಂಗಡ, ಕೊಟ್ಟಿದ್ದರು. ಉಳಿದದ್ದು ಒಂದು.

ಕಾಗದ ನೋಡುವ ಕೆಲಸ ನನಗೆ ಬಂತು. ನಾನು ಅದನ್ನು ಅಚ್ಚುಕಟ್ಟಾಗಿ ಮಾಡಿದೆ ಎಂದೇ ಆಗ ತಿಳಿದಿದ್ದೆ. ಸಾತಬಾರಾ ಉತಾರ ತೆಗೆಸಿದೆ. ನಮ್ಮ ಕರ್ನಾಟಕದಲ್ಲಿ ಪಹಣಿ ಅನ್ನುವುದನ್ನು ಇಲ್ಲಿ ಸಾತಬಾರಾ ಅನ್ನುತ್ತಾರೆ. ಮಾಲಕನ ಹೆಸರು ಸರಿ ಇತ್ತು. ಅದರ ಬದಿಗೆ ‘ಇತರ ಹಕ್ಕು’ ಎಂಬ ಅಂಕಣವಿರುತ್ತದೆ, ಅವಸರದವರು ಅದನ್ನು ಓದುವುದಿಲ್ಲ. ಬ್ಯಾಂಕಿನ ಸಾಲದ ಬೋಜಾ, ಅಕ್ಕತಂಗಿಯರ ಪಾಲು, ಕೋರ್ಟಿನ ತಡೆ ಎಲ್ಲ ಅಲ್ಲಿ ಕೂತಿರುತ್ತವೆ. ಅದೂ ಖಾಲಿ ಇತ್ತು. ಹಿಂದಿನ ಮೂವತ್ತು ವರ್ಷದ ಕೈಬದಲಿನ ದಾಖಲೆಗಳನ್ನು ಓದಿದೆ. ಹೊಲವನ್ನು ಬಿನಶೇತಿ, ಅಂದರೆ ಮನೆ ಕಟ್ಟಲು ಬರುವ ಜಾಗ ಎಂದು ಮಾಡಿದ ಆದೇಶವೂ ಇತ್ತು. ಜೊತೆಗೊಂದು ನಕಾಶೆ.

“ಎಲ್ಲಾ ಪಕ್ಕಾ ಐತಿ,” ಅಂದೆ. ಯಲ್ಲಪ್ಪ ಬೀಡಿ ಹಚ್ಚಿದ.

ಶಾಂತವ್ವ ಮಾತ್ರ, “ಕಾಗದಾ ನೀವು ನೋಡೀರಿ. ಮಂದೀನ್ನ ನಾ ನೋಡತೇನಿ,” ಅಂದಳು.

ಅವಳ ತವರಿನಲ್ಲಿ ಒಂದು ಪದ್ಧತಿಯಂತೆ. ಹೊಲ ಕೊಳ್ಳುವವರು ಇಸಾರ ಕೊಡುವ ಮೊದಲು ಬುತ್ತಿ ಕಟ್ಟಿಕೊಂಡು ಹೋಗಿ, ಆ ಹೊಲದ ಬದುವಿನ ಮೇಲೆ ಕೂತು, ಸುತ್ತಲಿನ ಹೊಲದವರನ್ನು ಕರೆದು ಅವರ ಜೊತೆ ಉಣ್ಣುವುದು. ಅವಳ ತಾಯಿ ಹಾಗೆ ಮಾಡಿದ್ದಳು, ಅಜ್ಜಿಯೂ ಮಾಡಿದ್ದಳು. ಜೊತೆಗೆ ಕೂತು ಉಂಡವರು ಸುಳ್ಳು ಹೇಳುವುದಿಲ್ಲವೇ ಎಂದು ನಾನು ನಗುತ್ತ ಕೇಳಿದೆ. “ಹೇಳತಾರ್ರಿ, ಯಾಕ ಹೇಳೂದಿಲ್ಲ? ಆದ್ರ ಉಣ್ಣಾಕ ಬರಲಾರದವರು ಯಾರು, ಯಾಕ ಬರಲಿಲ್ಲ ಅನ್ನೂದು ತಿಳೀತೈತಲ್ಲ,” ಅಂದಳು. ಸುದ್ದಿಮನೆಯಲ್ಲಿ ನಮಗೆ ಇದನ್ನೇ ಬೇರೆ ಮಾತಿನಲ್ಲಿ ಕಲಿಸಿದ್ದರು. ಒಬ್ಬರು ಹೇಳಿದ್ದು ಸುದ್ದಿಯಲ್ಲ, ಇನ್ನೊಬ್ಬರನ್ನು ಕೇಳು, ಲಾಭವಿಲ್ಲದವರನ್ನು ಕೇಳು. ನಾನು ಕೇಳಿರಲಿಲ್ಲ. ಜಾಗದ ವಿಷಯದಲ್ಲಿ ಸರಕಾರದ ಮುದ್ರೆ ನೋಡಿ ಸುಮ್ಮನಾಗಿದ್ದೆ.

ಮಗ್ಗಗಳಿಗೆ ವಾರದ ರಜೆಯ ದಿನ ಹೋದೆವು. ಆಗಷ್ಟೇ ಕಬ್ಬು ಕಡಿದು ಮುಗಿದಿತ್ತು. ಕಣ್ಣು ಹಾಯಿಸಿದಷ್ಟೂ ಬಯಲು. ಡಾಂಬರು ರಸ್ತೆಯಿಂದ ಪ್ಲಾಟಿನವರೆಗೆ ಅಗಲವಾದ, ಗಟ್ಟಿಯಾದ ಹಾದಿ, ಎರಡು ಲಾರಿ ಎದುರುಬದುರಾಗಿ ಹೋಗುವಷ್ಟು. “ನೋಡ್ರಿ ರಸ್ತಾ!” ಎಂದು ಮಧುಕರ ಅದರ ಮೇಲೆ ಬೈಕನ್ನು ಒಂದು ಸಲ ಸುಮ್ಮನೆ ಆ ತುದಿಗೆ ಓಡಿಸಿ ತಂದ. ಯಲ್ಲಪ್ಪ ಬೂಟಿಲ್ಲದ ಕಾಲಿನಿಂದ ನೆಲ ಒತ್ತಿ ನೋಡಿದ. ನಾನೂ ಮೆಚ್ಚಿದೆ.

ಶಾಂತವ್ವ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಬುತ್ತಿಯ ಚೀಲದ ತಳದಲ್ಲಿ, ರೊಟ್ಟಿಯ ಬಟ್ಟೆಯ ಕೆಳಗೆ, ಇಸಾರದ ಹಣ. ಅದು ನಮ್ಮ ಮೂವರಿಗೆ ಮಾತ್ರ ಗೊತ್ತಿತ್ತು. ಮಧುಕರ ಅದೇ ಚೀಲಕ್ಕೆ ಮೊಣಕೈ ಊರಿ ಕೂತಿದ್ದ.

“ಸಂಜಿ ತನಕ ಇಸಾರ ಆಗಬೇಕ್ರಿ ವೈನಿ,” ಎಂದು ಅವನು ಮೂರನೇ ಸಲ ಹೇಳಿದ. “ನಾಳೆ ಸಾಂಗ್ಲಿ ಪಾರ್ಟಿ ಬರಾಕತ್ತೈತಿ.”

“ಬರಲಿ ಬಿಡ್ರಿ, ಅವರಿಗೂ ಎರಡ ರೊಟ್ಟಿ ಇಟ್ಟೇನಿ,” ಅಂದಳು ಶಾಂತವ್ವ.

ಸುತ್ತಲಿನ ಹೊಲದ ಇಬ್ಬರು ಬಂದು ಉಂಡು ಹೋದರು. ಒಬ್ಬ, ಮಹಾಪೂರ ಬಂದ ವರ್ಷವೂ ಇಲ್ಲಿಗೆ ನೀರು ಹತ್ತಿಲ್ಲ ಎಂದು ದೂರದ ಒಂದು ಬಾವಿಯ ಗೋಡೆ ತೋರಿಸಿ ಹೇಳಿದ. ಶಾಂತವ್ವ ಆ ಬಾವಿಯವರೆಗೂ ನಡೆದು ಹೋಗಿ ಗೋಡೆಯ ಮೇಲಿನ ನೀರಿನ ಗುರುತು ನೋಡಿ ಬಂದಳು. ರಸ್ತೆಯ ಬದಿಯ ಹೊಲದವರು ಮಾತ್ರ ದೂರದಲ್ಲೇ ನಿಂತಿದ್ದರು. ದಾದಾಗೊಂಡ ಪಾಟೀಲ, ಎಪ್ಪತ್ತರ ಹತ್ತಿರದ ಜೈನ ರೈತರು, ತಲೆಗೆ ರುಮಾಲು. ಕರೆದರೆ, ಬೇಡ ಎಂದು ಕೈ ಮಾಡಿದರು.

ಶಾಂತವ್ವ ತಾಟು ಹಿಡಿದು ಅವರಿದ್ದಲ್ಲಿಗೇ ಹೋದಳು. “ಬಳ್ಳೊಳ್ಳಿ ಹಾಕಿಲ್ರಿ ಅಣ್ಣಾರ. ಉಳ್ಳಾಗಡ್ಡೀನೂ ಇಲ್ಲ. ಹಿಂಡಿ ಸುದ್ದಾ ಬರೇ ಶೇಂಗಾ, ಖಾರ.”

ಪಾಟೀಲರು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. “ನಾ ತಿನ್ನೂದಿಲ್ಲ ಅಂತ ನಿನಗ ಯಾರ ಹೇಳಿದ್ರವ್ವಾ?”

“ನಮ್ಮ ಮಾಲಕರ ಮನ್ಯಾಗ ಕಾಂಡಿ ಸುತ್ತತೇನಿ, ಅವರೂ ನಿಮ್ಮವರ. ಇಲ್ಲಿ ಸುತ್ತ ನಿಮ್ಮ ಮಂದಿ ಹೊಲ ಭಾಳ ಅದಾವು ಅಂತ ಕೇಳಿದ್ನಿ. ಅದಕ್ಕ ಎಲ್ಲಾರಿಗೂ ನಡೆಯೂ ಹಂಗ ಮಾಡೇನಿ.”

ಅವರು ಬಂದು ಕೂತರು. ಮೊದಲ ರೊಟ್ಟಿಯನ್ನು ಹಿಂಡಿ ಹಚ್ಚಿಕೊಂಡು ಉಂಡರು. ಎರಡನೆಯದರಲ್ಲಿ ಅರ್ಧ ಆದ ಮೇಲೆ ಕೇಳಿದರು, “ಮನಿ ಕಟ್ಟತೀರಿ, ಖರೆ. ಮನೀಗೆ ಎಲ್ಲಿಂದ ಬರಾವ್ರು?”

ಯಲ್ಲಪ್ಪ ಹಾದಿಯ ಕಡೆ ಕೈ ತೋರಿಸಿದ. “ಈ ರಸ್ತಾ ಐತೆಲ್ರಿ.”

“ಇದ ರಸ್ತಾ ಅಲ್ಲಪ್ಪಾ. ಇದ ನನ್ನ ಹೊಲ.” ಪಾಟೀಲರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆದರಿಸಿತು. “ಕಬ್ಬ ಸಾಗಿಸಾಕ ಇಪ್ಪತ್ತ ದಿನಾ ಟ್ರಾಕ್ಟರ್ ಹಾಯಸಿದ್ನಿ, ಮಣ್ಣ ಗಟ್ಟಿ ಆಗೇತಿ. ಮುಂದಿನ ವಾರ ನೀರ ಬಿಡತೇನಿ. ಬುಡದಿಂದ ಮತ್ತ ಕಬ್ಬ ಚಿಗೀತಂದ್ರ ಆಳೆತ್ತರ ಬರತೈತಿ. ಆಗ ಹೆಂಗ ಬರತಿ, ಹಾರಿಕೋಂತ?”

“ಅಹೋ ಪಾಟೀಲ, ಕಾಯ ಬೋಲತಾ! ಏನ ಮಾತಾಡತೀರಿ!” ಮಧುಕರ ಎದ್ದು ನಿಂತ. “ನಕಾಶೆದಾಗ ರಸ್ತಾ ಐತಿ!”

“ನಿನ್ನ ನಕಾಶೆ ನಿನ್ನ ಕಿಸೆದಾಗ ಇಟ್ಟಕೋ. ನನ್ನ ಹೊಲದಾಗ ಹಾಸಬ್ಯಾಡ.”

ನಾನು ನಕಾಶೆ ಬಿಡಿಸಿದೆ. ಪ್ಲಾಟುಗಳ ನಡುವಿನ ರಸ್ತೆಗೆ ಗಟ್ಟಿ ಗೆರೆ. ಅಲ್ಲಿಂದ ಡಾಂಬರಿನವರೆಗೆ ತುಂಡು ತುಂಡಾದ ಗೆರೆ, ಅದರ ಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ನಿಯೋಜಿತ’. ಅಂದರೆ, ಮಾಡಬೇಕು ಅಂದುಕೊಂಡದ್ದು. ಯಾರು ಅಂದುಕೊಂಡರು ಎಂದು ಬರೆದಿರಲಿಲ್ಲ. ಗಡಹಿಂಗ್ಲಜದ ಮಂಟಪದಲ್ಲಿ ದಲಾಲಿಯ ಹೆಬ್ಬೆರಳನ್ನು ಹಿಡಿದವನು, ಇಲ್ಲಿ ನನ್ನದೇ ಹೆಬ್ಬೆರಳು ಎಲ್ಲಿತ್ತು ಎಂದು ನೋಡಿಕೊಂಡಿರಲಿಲ್ಲ. ಅಷ್ಟೂ ಕಾಗದದ ಅಕ್ಷರ ಓದಿದ್ದೆ, ಗೆರೆ ಓದಿರಲಿಲ್ಲ. ತಪ್ಪಾಯಿತು ಎಂದು ಶಾಂತವ್ವನಿಗೆ ಅಲ್ಲೇ ಹೇಳಿದೆ.

“ನೀವೇನ ಮಾಡತೀರಿ ಬಿಡ್ರಿ, ಪ್ಯಾಟ್ಯಾಗ ಬೆಳೆದವರು,” ಅಂದಳು. ನಂತರದ ವರ್ಷಗಳಲ್ಲಿ ನನಗೆ ಗೊತ್ತಾದದ್ದು, ಈ ಸುತ್ತಮುತ್ತ ಇದು ಮಗ್ಗದವರೆಲ್ಲ ಮಾಡುವ ತಪ್ಪು. ಕೈಗೆ ಹಣ ಬಂದು ಜಾಗ ನೋಡಲು ಹೊರಡುವುದು ಬೇಸಗೆಯ ಮುಂಚೆ, ಮಾರುವವರು ತೋರಿಸುವುದೂ ಕಬ್ಬು ಕಡಿದ ಮೇಲೆ. ಆಗ ಯಾವ ಹೊಲವಾದರೂ ರಸ್ತೆಯಂತೆ ಕಾಣುತ್ತದೆ. ನೀವು ಈ ಕಡೆ ಜಾಗ ನೋಡುವವರಾದರೆ ಕಬ್ಬು ನಿಂತಿರುವಾಗ ಒಮ್ಮೆ ಹೋಗಿ, ಮಳೆ ಬಿದ್ದ ಮರುದಿನ ಒಮ್ಮೆ ಹೋಗಿ. ಪ್ಲಾಟಿಗಿಂತ ಮೊದಲು ಪ್ಲಾಟಿಗೆ ಹೋಗುವ ದಾರಿ ಯಾರ ಹೆಸರಿನಲ್ಲಿದೆ ಎಂದು ಕೇಳಿ.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಯಲ್ಲಪ್ಪ ಎದ್ದು ಧೋತರ ಝಾಡಿಸಿಕೊಂಡಿದ್ದ. ಹಣ ಬುತ್ತಿಯ ತಳದಲ್ಲೇ ಇತ್ತು, ನಾವು ಉಳಿದುಕೊಂಡಿದ್ದೆವು. ನಾನಾಗಿದ್ದರೆ ಮನೆಗೆ ಹೋಗಿ ಒಂದು ಒಳ್ಳೆಯ ಸುದ್ದಿ ಬರೆಯುತ್ತಿದ್ದೆ. ಶಾಂತವ್ವ ಪಾಟೀಲರ ತಾಟಿಗೆ ಮೊಸರು ಹಾಕುತ್ತ ಕೇಳಿದಳು.

“ಅಣ್ಣಾರ, ಉಳದ ಹತ್ತ ಮನಿಯವರು ಇಸಾರ ಕೊಟ್ಟಾರ. ಎಲ್ಲಾ ನಮ್ಮಂಥವರ. ಇಪ್ಪತ್ತ ಫೂಟ ಅಗಲ ದಾರಿ ಕೊಡೂದಾದ್ರ ಏನ ತಗೋತೀರಿ?”

ಪಾಟೀಲರು ನಕ್ಕರು. “ಮದ್ಲ ಉಣ್ಣಾಕ ಹಾಕಿ, ಈಗ ಹೊಲಾ ಕೇಳತಿ?”

“ಪುಕ್ಕಟೆ ಕೇಳಿಲ್ರಿ. ಖರೀದಿ.”

ಪಾಟೀಲರು ತಾಟಿನ ಮೊಸರು ಮುಗಿಸಿದರು. ಕೈ ತೊಳೆದು, ರುಮಾಲಿನಿಂದ ಒರೆಸಿಕೊಂಡು, ಕೊನೆಗೆ ಒಂದು ಶರತ್ತು ಹೇಳಿದರು. ಕಬ್ಬಿನ ಹಂಗಾಮಿನಲ್ಲಿ ತಮ್ಮ ಟ್ರಾಕ್ಟರಿಗೆ ಯಾರೂ ಅಡ್ಡ ಬರಬಾರದು. ಶಾಂತವ್ವ, “ನಿಮ್ಮ ಗಾಡಿಗೆ ನಾವ್ಯಾಕ ಅಡ್ಡ ಬರೂನ್ರಿ?” ಅಂದಳು. ಪಾಟೀಲರು ತಲೆ ಅಲ್ಲಾಡಿಸಿದರು. “ಹಂಗ ಬಾಯಿಲೆ ಹೇಳಬ್ಯಾಡವ್ವಾ. ಬರಿಸು. ನೀನೂ ಸಾಯತಿ, ನಾನೂ ಸಾಯತೇನಿ. ಕಾಗದಾ ಇರತೈತಿ.”

ಅವತ್ತು ಸಂಜೆ ಶಾಂತವ್ವ ಇಸಾರ ಕೊಡಲಿಲ್ಲ. ಅದರ ಬದಲು ಹತ್ತು ಮನೆಗಳ ಬಾಗಿಲು ತಟ್ಟಿದಳು. ಕೆಲವರು ಅವಳನ್ನೇ ಬೈದರು. ಕೆಟ್ಟ ಸುದ್ದಿ ತಂದವರಿಗೆ ಸಿಗುವ ಮರ್ಯಾದೆ ನನ್ನ ವೃತ್ತಿಯಿಂದಾಗಿ ನನಗೆ ಪರಿಚಿತ. ಆಮೇಲೆ ಹನ್ನೊಂದೂ ಮನೆಯವರು ಒಟ್ಟಿಗೆ ಮಧುಕರನ ಮುಂದೆ ಹೋಗಿ ಕೂತರು. ರಸ್ತೆ ಆಗುವವರೆಗೆ ಯಾರೂ ಬಾಕಿ ಕೊಡುವುದಿಲ್ಲ. ರಸ್ತೆಯ ಪಟ್ಟಿಯ ಬೆಲೆಯಲ್ಲಿ ಅರ್ಧವನ್ನು ಕೊಲ್ಹಾಪುರದ ಮಾಲಕನೇ ಹಾಕಬೇಕು. ಒಬ್ಬೊಬ್ಬರಾಗಿ ಹೋಗಿದ್ದರೆ ಮಧುಕರ ಒಬ್ಬೊಬ್ಬರಿಗೂ ಚಹಾ ಕುಡಿಸಿ ಕಳಿಸುತ್ತಿದ್ದ. ಹನ್ನೊಂದು ಜನಕ್ಕೆ ಅವನ ಹತ್ತಿರ ಅಷ್ಟು ಕಪ್ಪುಗಳಿರಲಿಲ್ಲ, ಮಾಲಕನನ್ನು ಒಪ್ಪಿಸಬೇಕಾಯಿತು. ಸಾಂಗ್ಲಿಯ ಪಾರ್ಟಿ ಇವತ್ತಿನವರೆಗೂ ಬಂದಿಲ್ಲ.

ಆ ಪಟ್ಟಿಯನ್ನು ಬಿನಶೇತಿ ಮಾಡಿಸಿ, ಅಳೆಸಿ, ಹನ್ನೊಂದು ಹೆಸರಿಗೆ ಖರೀದಿ ಮಾಡುವಷ್ಟರಲ್ಲಿ ಒಂದೂವರೆ ವರ್ಷ ಹೋಯಿತು. ಕೊಲ್ಹಾಪುರದ ಕಚೇರಿಗೆ ಎಷ್ಟು ಸಲ ಹೋದೆವೋ ಲೆಕ್ಕವಿಲ್ಲ. ಪಾಟೀಲರ ಮಾತು ಶಾಂತವ್ವನ ತಲೆಯಲ್ಲಿ ಹೇಗೆ ಕೂತಿತ್ತೆಂದರೆ, ಮುಂದಿನ ವಾರ ಬರ್ರಿ ಎಂದ ಗುಮಾಸ್ತನ ಮುಂದೆ ಮಗನ ಹಳೆಯ ನೋಟುಬುಕ್ಕು ಚಾಚಿ, “ಯಾವ ದಿನಾ ಅನ್ನೂದು ಇದರಾಗ ಬರೀರಿ ಸಾಹೇಬ್ರ,” ಅನ್ನುತ್ತಿದ್ದಳು. ಆರಂಭದಲ್ಲಿ ಅವರು ನಕ್ಕರು. ಆಮೇಲೆ ಬರೆಯತೊಡಗಿದರು. ಜಾಗಕ್ಕೆ ಇಟ್ಟ ಹಣ ನಾಳೆ ಬೇಕಾಗುವ ಹಣವಾಗಿದ್ದರೆ ಈ ಒಂದೂವರೆ ವರ್ಷ ಅವಳನ್ನು ಮುರಿದುಹಾಕುತ್ತಿತ್ತು. ಮಕ್ಕಳ ಶಾಲೆಗೆ, ಆಸ್ಪತ್ರೆಗೆ ಎಂದು ಬೇರೆ ತೆಗೆದಿಟ್ಟು ಉಳಿದದ್ದನ್ನು ಮಾತ್ರ ತಂದಿದ್ದಳು, ಅದಕ್ಕೇ ಕಾಯಲು ಸಾಧ್ಯವಾಯಿತು. ನೋಟರಿ ಮಾಡಿಸಿ ಈಗಲೇ ಗೋಡೆ ಎಬ್ಬಿಸೋಣ ಎಂದವರಿಗೆ, ನೋಂದಣಿ ಆಗದ ಜಾಗದ ಮೇಲೆ ಒಂದು ಇಟ್ಟಂಗಿಯನ್ನೂ ಇಡುವುದಿಲ್ಲ ಎಂದು ಹೇಳಿದಳು. ಖರೀದಿಯ ದಿನ ಪ್ಲಾಟಿಗೂ ರಸ್ತೆಯ ಪಾಲಿಗೂ ಯಲ್ಲಪ್ಪನ ಹೆಸರು ಬರೆಯಲು ಹೊರಟ ಬರಹಗಾರನನ್ನು ಯಲ್ಲಪ್ಪನೇ ತಡೆದ. “ಆಕಿ ಹೆಸರ ಮದ್ಲ ಬರೀರಿ. ನಾ ಆವತ್ತ ಎದ್ದ ಹೊಂಟಿದ್ನಿ,” ಅಂದ.

ಅಳತೆಯ ದಿನದ್ದು ನಾನು ಮರೆಯದ ಚಿತ್ರ. ಸರಕಾರದ ಮೋಜಣಿದಾರ, ಅಂದರೆ ಭೂಮಾಪಕ, ಕಲ್ಲು ನೆಡಿಸಿ, ಇಪ್ಪತ್ತು ಅಡಿ ಸರಿಯಾಗಿದೆ ಎಂದು ಹೇಳಿ ಕೊಡೆ ಮಡಿಸುತ್ತಿದ್ದ. ಮಗ್ಗದವರು ಒಪ್ಪಲಿಲ್ಲ. ಅವರು ಮನೆಯಿಂದಲೇ ಎರಡೆಳೆಯ ಹುರಿ ನೂಲನ್ನು ಸರಿಯಾಗಿ ಇಪ್ಪತ್ತು ಅಡಿಗೆ ಕತ್ತರಿಸಿ ತಂದಿದ್ದರು. ದಿನವಿಡೀ ಬಟ್ಟೆಯ ಪನ್ನ, ಅಂದರೆ ಅಗಲ, ಬೆರಳಿನಲ್ಲಿ ಅಳೆಯುವ ಜನ. ಇಬ್ಬರು ಎರಡು ತುದಿ ಹಿಡಿದು, ಹತ್ತು ಹೆಜ್ಜೆಗೊಮ್ಮೆ ಅಡ್ಡಲಾಗಿ ನೂಲು ಎಳೆಯುತ್ತ, ಡಾಂಬರಿನಿಂದ ಕೊನೆಯ ಪ್ಲಾಟಿನವರೆಗೆ ನಡೆದರು. ನಡುವೆ ಒಂದು ಕಡೆ ನೂಲು ಜೋಲು ಬಿತ್ತು. ಒಂದು ಗೇಣು ಕಡಿಮೆ. ಮೋಜಣಿದಾರ ಮತ್ತೆ ಸರಪಳಿ ಬಿಚ್ಚಿದ, ಅಳೆದ, ಕಲ್ಲು ಕಿತ್ತು ಒಂದು ಗೇಣು ಆಚೆ ನೆಡಿಸಿದ. ಬದುವಿನ ಮೇಲೆ ನಿಂತಿದ್ದ ಪಾಟೀಲರು ತಮ್ಮ ನೆಲ ಒಂದು ಗೇಣು ಹೋದದ್ದಕ್ಕೆ ಬೇಸರಿಸದೆ, “ಇವರ ಕೈಲೆ ನೇಯ್ದ ಧೋತರನ ಉಡಬೇಕ ನೋಡ್ರಿ,” ಅಂದರು.

ಮನೆಗಳೆದ್ದವು. ಶಾಂತವ್ವನ ಗೃಹಪ್ರವೇಶಕ್ಕೆ ಹೋದಾಗ ಅವಳು ನನ್ನನ್ನು ಒಳಗೆ ಕರೆದು ಹಲಗೆಯ ಮುಂದೆ ನಿಲ್ಲಿಸಿದಳು. ತಾಟುಗಳು ಸಾಲಾಗಿ ನಿಂತಿದ್ದವು. ಇಬ್ಬರೂ ಒಂದು ನಿಮಿಷ ಅವನ್ನು ನೋಡಿದೆವು. ಬೇರೆ ಸುದ್ದಿ ಏನೂ ಇರಲಿಲ್ಲ.

ಈಗ ಯಲ್ಲಪ್ಪ ಇಲ್ಲ, ಪಾಟೀಲರೂ ಇಲ್ಲ. ಕಬ್ಬಿನ ಹಂಗಾಮಿನಲ್ಲಿ ಪಾಟೀಲರ ಮಕ್ಕಳ ಟ್ರಾಕ್ಟರು ಅದೇ ರಸ್ತೆಯಲ್ಲಿ ಹಾಯುತ್ತದೆ, ಕಾಗದದಲ್ಲಿ ಬರೆದಂತೆ. ಆ ಬಣ್ಣದ ಹಾಳೆ ಹಿಡಿದು ನಾನು ಶಾಂತವ್ವನ ಮನೆಗೆ ಹೋದೆ. ಅವಳ ಮಗ ಬಸವರಾಜ ಚಿತ್ರ ನೋಡಿದವನೇ ಹಾರಾಡಿದ. “ನಮ್ಮ ರಸ್ತಾ ತೋರಿಸಿ ರೊಕ್ಕ ಮಾಡಾಕತ್ತಾರ! ಯವ್ವಾ, ನಾಳೆ ಗೇಟ್ ಹಾಕಿಸೋಣು. ಕೀಲಿ ಬೇಕಾದ್ರ ಬಂದ ಬೇಕಾದಷ್ಟ ಕೊಡತಾರ.” ಹನ್ನೊಂದು ಮನೆಗಳಲ್ಲಿ ಈಗ ಎರಡನೇ ತಲೆಮಾರು, ಆರೇಳು ಮನೆಯವರಿಗೆ ಗೇಟಿನ ಮಾತು ಹಿಡಿಸಿತು. ಆ ರೊಕ್ಕ ಸಣ್ಣದಾಗಿರುತ್ತಿರಲಿಲ್ಲ. ಹಿಂದಿನ ಹೊಲಕ್ಕೆ ಬೇರೆ ದಾರಿಯೇ ಇಲ್ಲ.

ಹಾಳೆಯಲ್ಲಿದ್ದ ನಂಬರಿಗೆ ಬಸವರಾಜ ಫೋನು ಮಾಡಿದ್ದರಿಂದ ಮರುದಿನ ಮಾರುವವರ ಕಡೆಯ ತರುಣ ಬಂದ. ವಿನಯವಂತ. ರಸ್ತೆ ಸಾರ್ವಜನಿಕವೆಂದು ತಿಳಿದಿದ್ದರಂತೆ. ಒಂದು ಮೊತ್ತ ಹೇಳಿದ. ಬಸವರಾಜನ ಹುಬ್ಬು ಮೇಲೇರಿತು. ಶಾಂತವ್ವ ಬೇರೆಯದನ್ನೇ ಕೇಳಿದಳು.

“ಪ್ಲಾಟ್ ಯಾರ್ಯಾರ ತಗೊಂಡಾರಪ್ಪಾ?”

“ಎಲ್ಲಾ ಚಲೋ ಮಂದಿ ಆಂಟಿ. ಮಗ್ಗದ ಮಂದೀನ ಭಾಳ. ಮೂವತ್ತೊಂದ ಬುಕಿಂಗ್ ಆಗ್ಯಾವು.”

“ಇಸಾರ ಕೊಟ್ಟಾರ?”

“ಕೊಟ್ಟಾರ್ರಿ.”

ಅವಳು ಕಟ್ಟೆಯ ಮೇಲಿನ ಮೆಣಸಿನಕಾಯಿಯನ್ನು ಬದಿಗೆ ಸರಿಸಿ ಕೂತಳು. “ಹಂಗಾರ ರಸ್ತಾದಾಗ ಪಾಲು ಕೊಡತೇವಿ. ನಿಮಗ ಅಲ್ಲ. ಅವರಿಗೆ. ಮೂವತ್ತೊಂದ ಮಂದಿ ಹೆಸರಿಲೆ ಖರೀದಿ ಆಗಬೇಕು. ರೊಕ್ಕ ನೀವು ಹಾಕ್ರಿ. ಪಾಟೀಲರಿಗೆ ನಾವು ಏನ ಕೊಟ್ಟೇವಿ ಅದರ ಪ್ರಮಾಣಲೆ, ಈಗಿನ ಭಾವಲೆ. ಮ್ಯಾಲ ಒಂದ ರೂಪಾಯಿ ಬ್ಯಾಡ.”

ತರುಣನಿಗೆ ಇದು ಅರ್ಥವಾಗಲಿಲ್ಲ. ಬಸವರಾಜನಿಗೆ ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ. “ಯವ್ವಾ, ನಮಗೇನ ಬಂತ ಇದರಾಗ?”

“ನಿನಗ ಬುದ್ಧಿ ಬರಲಿಲ್ಲ, ಅಷ್ಟ ನೋಡ. ಹಿಂದ ಮೂವತ್ತ ಮನಿ ಆದ್ವಂದ್ರ ಪಂಚಾಯ್ತಿ ದೀಪಾ ಹಾಕತೈತಿ, ಗಟಾರ ಮಾಡತೈತಿ. ಹಿಂದ ಬರೇ ಕಬ್ಬ ಇದ್ರ ಹಾಕತಾರ? ನಮ್ಮ ಮನೀ ಬೆಲಿ ಗೇಟ್ ಹಾಕಿದ್ರ ಏರತೈತೋ, ಮಂದಿ ಬಂದ್ರ ಏರತೈತೋ?” ಆಮೇಲೆ ದನಿ ತಗ್ಗಿಸಿದಳು. “ಅವರ ರೊಕ್ಕಾನೂ ಮಗ್ಗದ್ದ ಐತಿ, ಬಸೂ.”

ಹತ್ತು ಮನೆಗಳಲ್ಲಿ ಈ ಮಾತು ಒಪ್ಪಿಗೆಯಾಗಲು ಎರಡು ವಾರ ಬೇಕಾಯಿತು. ಆ ಎರಡು ವಾರದಲ್ಲಿ ಅವಳು ಪ್ರತಿ ಸಂಜೆ ಒಂದೊಂದು ಮನೆಗೆ ಹೋಗಿ ಕೂತಳು. ನಾನು ಜೊತೆಗೆ ಹೋಗಿ ಹಳೆಯ ಖರೀದಿ ಪತ್ರ ಓದುತ್ತಿದ್ದೆ. ಮೂರನೇ ಮನೆಯಿಂದ ಹೊರಗೆ ಬರುವಾಗ ಅವಳು ಥಟ್ಟನೆ ಕೇಳಿದಳು: “ಮಾಸ್ತರ್ರ, ಅಲ್ಲಿ ಇನ್ನೂ ಪ್ಲಾಟ್ ಉಳದಾವಂತ. ನೀವೆಷ್ಟ ದಿನಾ ಮಂದಿ ಕಾಗದಾ ಓದಕೋಂತ ತಿರಗತೀರಿ?” ನಾನು ನಕ್ಕು ಸುಮ್ಮನಾದೆ. ಮರುದಿನ ಬೆಳಿಗ್ಗೆ ಸುಮ್ಮನಾಗಲು ಆಗಲಿಲ್ಲ. ಆ ಹಿಂದಿನ ಹೊಲದ ಸಾತಬಾರಾ ತೆಗೆಸಿದೆ.

ನಿನ್ನೆ ಅವಳ ಮನೆಯ ಮುಂದೆ, ಅದೇ ರಸ್ತೆಯ ಮೇಲೆ ಜಮಖಾನೆ ಹಾಸಿ ಎಲ್ಲರೂ ಕೂತಿದ್ದರು. ಹಳೆಯ ಹನ್ನೊಂದು ಮನೆಯವರು ಒಂದು ಕಡೆ, ಹೊಸಬರು ಒಂದು ಕಡೆ. ಹೆಂಗಸರೇ ಹೆಚ್ಚು, ಕೆಲವರು ನೇರ ಕಾರಖಾನೆಯಿಂದ ಬಂದಿದ್ದರು, ಕೂದಲಲ್ಲಿ ಹತ್ತಿಯ ಪುಡಿ. ಮರಾಠಿಯ ಕರಡು ಪತ್ರವನ್ನು ನಾನು ಕನ್ನಡದಲ್ಲಿ ಓದಿ ಹೇಳಬೇಕಿತ್ತು. ರಸ್ತೆಯ ಅಳತೆ ಓದಿದೆ. ಪಾಟೀಲರ ಟ್ರಾಕ್ಟರಿನ ಶರತ್ತು ಓದಿದೆ. ಈ ದಾರಿಗೆ ಯಾರೂ ಯಾವ ಕಾಲಕ್ಕೂ ಬಾಗಿಲು ಹಾಕತಕ್ಕದ್ದಲ್ಲ ಎಂಬ ಹೊಸ ಕಲಮು ಓದಿದಾಗ ಬಸವರಾಜ ತಲೆ ತಗ್ಗಿಸಿ ನಕ್ಕ. ಆಮೇಲೆ ಹೊಸಬರ ಹೆಸರುಗಳು. ಸಂಜೆಯ ಪಾಳಿಗೆ ಹೊತ್ತಾಗಿದ್ದರೂ ಯಾರೂ ಏಳಲಿಲ್ಲ. ತಂತಮ್ಮ ಹೆಸರು ಬಂದಾಗ ಒಬ್ಬೊಬ್ಬರೂ, ಶಾಲೆಯಲ್ಲಿ ಹಾಜರಿ ಕೂಗಿದಂತೆ, “ಹೌದ್ರಿ” ಅನ್ನುತ್ತಿದ್ದರು.

ಮೂವತ್ತೆರಡನೆಯ ಹೆಸರನ್ನು ನಾನು ಉಳಿದವುಗಳಂತೆಯೇ ಓದಬೇಕೆಂದಿದ್ದೆ. ದನಿ ಸ್ವಲ್ಪ ತಗ್ಗಿತು. ಅದು ನನ್ನದು.

ಕಟ್ಟೆಯ ಮೇಲಿಂದ ಶಾಂತವ್ವ ಕೂಗಿದಳು, “ಕೇಳಸಲಿಲ್ರಿ. ಜೋರಲೆ ಓದ್ರಿ!”